ರ‍್ಯಾಪ್ ಮತ್ತು ಗ್ರ್ಯಾಮಿ: ಒಂದು ಪ್ರಶಸ್ತಿ ವಿಭಾಗದ ಇತಿಹಾಸ

ಅಮೆರಿಕದ ಸಂಗೀತೋದ್ಯಮದ ಅತಿದೊಡ್ಡ ಗೌರವವಾದ ಗ್ರ್ಯಾಮಿ ಪ್ರಶಸ್ತಿಗಳನ್ನು ರೆಕಾರ್ಡಿಂಗ್ ಅಕಾಡೆಮಿ 1959ರಿಂದ ಕೊಡುತ್ತಾ ಬಂದಿದೆ. ಅದರಲ್ಲಿ ‘ಅತ್ಯುತ್ತಮ ರ‍್ಯಾಪ್ ಪ್ರಸ್ತುತಿ’ ವಿಭಾಗ ಸೇರಿದ್ದು 1989ರಲ್ಲಿ.

ಹಿನ್ನೆಲೆ

ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ 1973ರ ಆಗಸ್ಟ್ 11ರಂದು ಡಿಜೆ ಕೂಲ್ ಹರ್ಕ್ ಹಾಡು ಹಾಕಿದ ಪಾರ್ಟಿಯಿಂದ ಹಿಪ್‌ಹಾಪ್‌ನ ವಯಸ್ಸು ಎಣಿಸುವುದು ವಾಡಿಕೆ. 1979ರಲ್ಲಿ ಶುಗರ್‌ಹಿಲ್ ಗ್ಯಾಂಗ್‌ನ ‘ರ‍್ಯಾಪರ್ಸ್ ಡಿಲೈಟ್’ ರ‍್ಯಾಪನ್ನು ಬೀದಿಯಿಂದ ರೇಡಿಯೊಗೆ ತಲುಪಿಸಿತು. 1986ರಲ್ಲಿ ಬಂದ ರನ್-ಡಿಎಂಸಿಯ ‘ರೈಸಿಂಗ್ ಹೆಲ್’ ಲಕ್ಷಗಟ್ಟಲೆ ಮಾರಾಟವಾಯಿತು. ಆದರೂ ಗ್ರ್ಯಾಮಿಯಲ್ಲಿ ರ‍್ಯಾಪ್ ಕಲಾವಿದರು ಆರ್ ಅಂಡ್ ಬಿ ವಿಭಾಗದಲ್ಲೇ ಸ್ಪರ್ಧಿಸಬೇಕಿತ್ತು.

ಮೊದಲ ಪ್ರಶಸ್ತಿ, ಮೊದಲ ಬಹಿಷ್ಕಾರ

1989ರ ಫೆಬ್ರುವರಿ 22ರಂದು ಲಾಸ್ ಏಂಜಲೀಸ್‌ನ ಸಮಾರಂಭದಲ್ಲಿ ಡಿಜೆ ಜಾಝಿ ಜೆಫ್ ಮತ್ತು ಫ್ರೆಶ್ ಪ್ರಿನ್ಸ್ (ಮುಂದೆ ನಟನಾಗಿ ಹೆಸರಾದ ವಿಲ್ ಸ್ಮಿತ್) ಜೋಡಿಯ ‘ಪೇರೆಂಟ್ಸ್ ಜಸ್ಟ್ ಡೋಂಟ್ ಅಂಡರ್‌ಸ್ಟ್ಯಾಂಡ್’ ಗೆದ್ದಿತು. ಗೆದ್ದವರು ಮಾತ್ರ ಅಲ್ಲಿರಲಿಲ್ಲ. ಸಮಯ ಸಾಲದೆಂದು ಈ ಪ್ರಶಸ್ತಿಯನ್ನು ಟಿವಿ ಪ್ರಸಾರದಿಂದ ಕೈಬಿಟ್ಟಿದ್ದರು. ಅದನ್ನು ಪ್ರತಿಭಟಿಸಿ ಈ ಜೋಡಿ, ಎಲ್‌ಎಲ್ ಕೂಲ್ ಜೆ ಮತ್ತು ಸಾಲ್ಟ್-ಎನ್-ಪೆಪಾ ದೂರ ಉಳಿದರು. ಸ್ಪರ್ಧೆಯಲ್ಲಿದ್ದ ಇನ್ನೊಬ್ಬ ರ‍್ಯಾಪರ್ ಕೂಲ್ ಮೋ ಡೀ ವೇದಿಕೆಗೆ ಹೋಗಿಯೇ ರ‍್ಯಾಪ್ ಪರ ದನಿ ಎತ್ತಿದರು. ಎರಡೂ ದಾರಿಯ ಗುರಿ ಒಂದೇ ಆಗಿತ್ತು. ಮರುವರ್ಷ ಈ ಪ್ರಶಸ್ತಿಗೆ ಪ್ರಸಾರದಲ್ಲಿ ಜಾಗ ಸಿಕ್ಕಿತು.

ಒಡೆದು ಕೂಡಿದ ವಿಭಾಗಗಳು

1991ರಲ್ಲಿ ವಿಭಾಗ ಎರಡಾಯಿತು. ಏಕವ್ಯಕ್ತಿ ಪ್ರಶಸ್ತಿ ಎಂಸಿ ಹ್ಯಾಮರ್‌ಗೆ, ಜೋಡಿ ಅಥವಾ ತಂಡದ ಪ್ರಶಸ್ತಿ ಕ್ವಿನ್ಸಿ ಜೋನ್ಸ್ ಮತ್ತು ಸಂಗಡಿಗರಿಗೆ ಸಂದಿತು. 1996ರಲ್ಲಿ ರ‍್ಯಾಪ್ ಆಲ್ಬಮ್, 2002ರಲ್ಲಿ ರ‍್ಯಾಪ್-ಗಾಯನ ಜುಗಲ್‌ಬಂದಿ, 2004ರಲ್ಲಿ ರ‍್ಯಾಪ್ ಗೀತೆಯ ವಿಭಾಗಗಳು ಬಂದವು. 2003 ಮತ್ತು 2004ರಲ್ಲಿ ಏಕವ್ಯಕ್ತಿ ಪ್ರಶಸ್ತಿಯನ್ನು ಪುರುಷರಿಗೂ ಮಹಿಳೆಯರಿಗೂ ಬೇರೆಬೇರೆಯಾಗಿ ಕೊಟ್ಟರು. ಮಹಿಳೆಯರದ್ದನ್ನು ಎರಡು ಸಲವೂ ಗೆದ್ದವರು ಮಿಸ್ಸಿ ಎಲಿಯಟ್. 2012ರಲ್ಲಿ ಏಕವ್ಯಕ್ತಿ, ತಂಡ ಎಂಬ ಭೇದವೂ ಹೋಗಿ ಹಳೆಯ ಒಂದೇ ವಿಭಾಗ ಮರಳಿತು. ಆ ವರ್ಷ ಗೆದ್ದದ್ದು ಜೇ-ಝೀ ಮತ್ತು ಕಾನ್ಯೆ ವೆಸ್ಟ್‌ರ ‘ಓಟಿಸ್’.

ಮಹಿಳೆಯರ ಪಾಲು

ರ‍್ಯಾಪ್ ಆಲ್ಬಮ್ ಪ್ರಶಸ್ತಿಯನ್ನು 1997ರಲ್ಲಿ ಫ್ಯೂಜೀಸ್ ತಂಡದ ಸದಸ್ಯೆಯಾಗಿ ಲಾರಿನ್ ಹಿಲ್ ಪಡೆದರು. ಒಬ್ಬಂಟಿಯಾಗಿ ಗೆದ್ದ ಮೊದಲ ಮಹಿಳೆ ಕಾರ್ಡಿ ಬಿ. ಅದಕ್ಕೆ 2019ರವರೆಗೆ ಕಾಯಬೇಕಾಯಿತು. 2025ರಲ್ಲಿ ಡೋಚೀ ಗೆದ್ದರು.

ಮುಖ್ಯ ಪ್ರಶಸ್ತಿಗಳ ಬಾಗಿಲು

ಎಲ್ಲ ಪ್ರಕಾರಗಳೂ ಒಟ್ಟಿಗೆ ಸ್ಪರ್ಧಿಸುವ ಮುಖ್ಯ ವಿಭಾಗಗಳಲ್ಲಿ ರ‍್ಯಾಪ್‌ನ ದಾರಿ ಇನ್ನೂ ಕಠಿಣ. ವರ್ಷದ ರೆಕಾರ್ಡ್ ಮತ್ತು ವರ್ಷದ ಗೀತೆ ಪ್ರಶಸ್ತಿಗಳು ರ‍್ಯಾಪ್‌ಗೆ ಮೊದಲು ಒಲಿದದ್ದು 2019ರಲ್ಲಿ, ಚೈಲ್ಡಿಶ್ ಗ್ಯಾಂಬಿನೊನ ‘ದಿಸ್ ಈಸ್ ಅಮೆರಿಕ’ ಮೂಲಕ. 2025ರಲ್ಲಿ ಕೆಂಡ್ರಿಕ್ ಲಮಾರ್‌ರ ‘ನಾಟ್ ಲೈಕ್ ಅಸ್’ ಇವೆರಡನ್ನೂ ಸೇರಿಸಿ ಐದು ಪ್ರಶಸ್ತಿ ಬಾಚಿತು. ಆದರೆ ವರ್ಷದ ಆಲ್ಬಮ್ ಪ್ರಶಸ್ತಿ 2004ರಲ್ಲಿ ಔಟ್‌ಕಾಸ್ಟ್‌ಗೆ ಸಿಕ್ಕ ಮೇಲೆ 2025ರವರೆಗೂ ಬೇರಾವ ರ‍್ಯಾಪ್ ಆಲ್ಬಮ್‌ಗೂ ದಕ್ಕಲಿಲ್ಲ. ಅರ್ಧ ಶತಮಾನ ದಾಟಿದ ಈ ಕಲೆಗೆ ಪ್ರತ್ಯೇಕ ವಿಭಾಗ ಕೊಟ್ಟರೆ ಸಾಲದು. ಮುಖ್ಯ ಪ್ರಶಸ್ತಿಗಳಲ್ಲೂ ಅದು ಸರಿಸಮನಾಗಿ ತೂಗಲ್ಪಡಬೇಕು. 1989ರಲ್ಲಿ ಕಲಾವಿದರು ಕೇಳಿದ್ದೂ ಈ ಸಮಾನತೆಯನ್ನೇ.