ಅಮ್ಹಾರಿಕ್ ಭಾಷೆಯ ಷರತ್ತು ವಾಕ್ಯ: ಒಂದು ಚಾರಿತ್ರಿಕ ನೋಟ

ಇಥಿಯೋಪಿಯದ ಅಮ್ಹಾರಿಕ್, ಹೀಬ್ರೂ ಮತ್ತು ಅರಬ್ಬಿಗಳಿರುವ ಸೆಮಿಟಿಕ್ ಕುಟುಂಬದ ಭಾಷೆ. ಅದರ ಷರತ್ತು ವಾಕ್ಯವನ್ನು ಬಿಡಿಸಿ ನೋಡಿದರೆ ಮಾತ್ರ ಈ ನೆಂಟಸ್ತಿಕೆ ಅರೆಬರೆಯಾಗಿ ಕಾಣುತ್ತದೆ.

ಅಲ್ಲಿನ ಚರ್ಚಿನ ಹಳೆಯ ಭಾಷೆ ಗೀಝ್. ಅದು ಅಮ್ಹಾರಿಕ್‌ನ ನೇರ ತಾಯಿಯಲ್ಲ, ಹಿರಿಯ ಬಂಧು. ಗೀಝ್‌ನಲ್ಲಿ ಷರತ್ತಿನ ಪದ ಬಿಡಿಯಾಗಿ ಉಪವಾಕ್ಯದ ತಲೆಯಲ್ಲಿ ನಿಲ್ಲುತ್ತದೆ: ಆಗಬಹುದಾದುದಕ್ಕೆ ‘ಇಮ್ಮ’, ಆಗದೆ ಹೋದುದಕ್ಕೆ ‘ಸೋಬ’. ಆಗದೆ ಹೋದ ಸಂಗತಿಯಾದರೆ ಫಲವಾಕ್ಯದ ಕ್ರಿಯಾಪದಕ್ಕೂ ‘ಇಮ್’ ಎಂಬ ಗುರುತು ಬೀಳುತ್ತದೆ.

ಅಮ್ಹಾರಿಕ್‌ನಲ್ಲಿ ಅಂಥ ಬಿಡಿಪದ ಬೇಕಿಲ್ಲ. ‘ಮೆಟ್ಟಾ’ ಎಂದರೆ ಬಂದನು; ಅದಕ್ಕೆ ‘ಕೆ’ ಎಂಬ ಪೂರ್ವಪ್ರತ್ಯಯ ಸೇರಿ ‘ಕೆಮೆಟ್ಟಾ’ ಆದರೆ, ಬಂದರೆ. ನಾಳೆ ಬರುವವನ ಮಾತಿಗೂ ಭೂತಕಾಲದ ರೂಪವೇ; ನಮ್ಮ ‘ಬಂದರೆ’ಯಲ್ಲಿ ‘ಬಂದು’ ಅಡಗಿರುವುದನ್ನು ಬಲ್ಲ ಕನ್ನಡಿಗರಿಗೆ ಇದು ವಿಚಿತ್ರವೆನಿಸದು. ಅಪೂರ್ಣ ಕ್ರಿಯಾರೂಪಕ್ಕೆ ‘ಬ್’ ಹತ್ತಿಸಿದರೆ ‘ಬಿಮೆಟಾ’. ಇದರಲ್ಲಿ ಊಹೆಯ, ಕೆಲವೊಮ್ಮೆ ವಿನಯದ ಛಾಯೆ ಹೆಚ್ಚು. ನಿಷೇಧದ ರೂಪ ಇನ್ನೂ ಸ್ವಾರಸ್ಯದ್ದು. ‘ಅಲ್ಮೆಟ್ಟಾಮ್’ (ಬರಲಿಲ್ಲ) ಎಂಬಲ್ಲಿ ನಿಷೇಧ ಕ್ರಿಯಾಪದವನ್ನು ಎರಡೂ ಬದಿಯಿಂದ ಹಿಡಿಯುತ್ತದೆ. ‘ಕಾಲ್ಮೆಟ್ಟಾ’ (ಬರದಿದ್ದರೆ) ಆಗುವಾಗ ಕೊನೆಯ ‘ಮ್’ ಉದುರುತ್ತದೆ. ವಾಕ್ಯ ಇನ್ನೂ ಮುಗಿದಿಲ್ಲ ಎಂಬುದಕ್ಕೆ ಅದೇ ಸೂಚನೆ.

ಕೈತಪ್ಪಿದ ಸಂಗತಿಗೆ ‘ಬಿಮೆಟಾ ನೋರೋ ಇನೆಗ್ರೆವ್ ನೆಬ್ಬೆರ್’: ಅವನು ಬಂದಿದ್ದರೆ ಹೇಳುತ್ತಿದ್ದೆ. ‘ನೋರೋ’ ಬದುಕು, ಇರು ಎಂಬರ್ಥದ ಧಾತುವಿನದು. ‘ನೆಬ್ಬೆರ್’ ಎಂದರೆ ಇತ್ತು. ಎರಡು ಕಡೆಯೂ ಇರುವಿಕೆಯ ಕ್ರಿಯಾಪದ, ಎರಡೂ ಮುಖ್ಯ ಕ್ರಿಯಾಪದದ ಬಳಿಕ.

ಈ ಭಾಷೆಯ ಮೊದಲ ವ್ಯಾಕರಣವನ್ನು 1698ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಹೊರತಂದವನು ಜರ್ಮನ್ ವಿದ್ವಾಂಸ ಹಿಯೋಬ್ ಲುಡೋಲ್ಫ್. ಅವನ ಗುರು ಅಬ್ಬಾ ಗೊರ್ಗೊರ್ಯೋಸ್ ಎಂಬ ಇಥಿಯೋಪಿಯದ ಪಾದ್ರಿ. ಇಬ್ಬರೂ ಭೇಟಿಯಾದದ್ದು 1649ರಲ್ಲಿ, ರೋಮ್‌ನಲ್ಲಿ. 1842ರಲ್ಲಿ ಇಂಗ್ಲಿಷಿನಲ್ಲಿ ಅಮ್ಹಾರಿಕ್ ವ್ಯಾಕರಣ ಪ್ರಕಟಿಸಿದ ಮಿಷನರಿ ಐಸೆನ್‌ಬರ್ಗ್ ಮುಂದೆ ಮುಂಬಯಿಗೆ ಬಂದು ಕೆಲಸ ಮಾಡಿದ. ಪ್ರೆಟೋರಿಯಸ್ (1879), ಮಾರ್ಸೆಲ್ ಕೊಹೆನ್ (1936) ಅವರನ್ನು ದಾಟಿ ವುಲ್ಫ್ ಲೆಸ್ಲಾವ್ ಅವರ 1995ರ ಬೃಹತ್ ವ್ಯಾಕರಣದವರೆಗೆ ಈ ಪರಂಪರೆ ಬೆಳೆದಿದೆ.

ಅಮ್ಹಾರಿಕ್‌ನಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಸರಿದದ್ದು ಅಗವ್ ಮೊದಲಾದ ನೆರೆಯ ಕುಷಿಟಿಕ್ ಭಾಷೆಗಳ ಸಹವಾಸದಿಂದ ಎಂಬುದು ಬಹುಮಂದಿ ವಿದ್ವಾಂಸರ ಮತ. ಲೆಸ್ಲಾವ್ 1945ರಲ್ಲೇ ಈ ಪ್ರಭಾವವನ್ನು ವಿವರವಾಗಿ ಚರ್ಚಿಸಿದ್ದರು. ಒಪ್ಪಬಹುದು, ಆದರೆ ಪೂರ್ತಿಯಾಗಿ ಅಲ್ಲ. ಸಹವಾಸವೊಂದೇ ಕಾರಣವಾಗಿದ್ದರೆ ಷರತ್ತಿನ ಗುರುತೂ ನಮ್ಮ ‘ರೆ’ಯಂತೆ ಕ್ರಿಯಾಪದದ ಬಾಲಕ್ಕೆ ಅಂಟಬೇಕಿತ್ತು. ‘ಕೆ’, ‘ಬ್’ ಎರಡೂ ಇಂದಿಗೂ ಕ್ರಿಯಾಪದದ ಮುಂದೆಯೇ ಇವೆ. ವಾಕ್ಯದ ಅನುಕ್ರಮ ಬದಲಾಯಿತು, ಪ್ರತ್ಯಯದ ಜಾಗ ಸೆಮಿಟಿಕ್ ಆಗಿಯೇ ಉಳಿಯಿತು.