ಅಮೆರಿಕದ ಗ್ರಂಥಾಲಯ ಸಂಘ: ವರ್ಷಕ್ಕೊಬ್ಬ ಅಧ್ಯಕ್ಷ, ಸೊರಗಿದ ಬೊಕ್ಕಸ

ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ (ಎಎಲ್‌ಎ) ಜಗತ್ತಿನ ಅತ್ಯಂತ ಹಳೆಯ ಹಾಗೂ ಅತಿ ದೊಡ್ಡ ಗ್ರಂಥಾಲಯ ಸಂಘ. 1876ರ ಅಕ್ಟೋಬರ್ ಮೊದಲ ವಾರದಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಸೇರಿದ್ದ 103 ಮಂದಿ ಇದನ್ನು ಸ್ಥಾಪಿಸಿದರು; ಅವರಲ್ಲಿ 13 ಮಂದಿ ಮಹಿಳೆಯರು. ಜಸ್ಟಿನ್ ವಿನ್ಸರ್ ಮೊದಲ ಅಧ್ಯಕ್ಷರಾದರು, ಮೆಲ್ವಿಲ್ ಡ್ಯೂಯಿ ಕಾರ್ಯದರ್ಶಿಯಾದರು. ಅದೇ ವರ್ಷ ಡ್ಯೂಯಿ ಪ್ರಕಟಿಸಿದ ದಶಮಾಂಶ ವರ್ಗೀಕರಣವೇ ಇಂದಿಗೂ ಕರ್ನಾಟಕದ ಅನೇಕ ಗ್ರಂಥಾಲಯಗಳಲ್ಲಿ ಪುಸ್ತಕದ ಬೆನ್ನಿನ ಮೇಲೆ ಅಂಕಿಯಾಗಿ ಕಾಣಸಿಗುತ್ತದೆ.

ನಮ್ಮ ಓದುಗರು ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯಗಳಿಗೆ 1965ರ ಕಾಯಿದೆಯ ಬೆಂಬಲವಿದೆ. ಸ್ಥಳೀಯ ಸಂಸ್ಥೆಗಳು ವಸೂಲು ಮಾಡುವ ಗ್ರಂಥಾಲಯ ಕರವಿದೆ. ಎಎಲ್‌ಎಗೆ ಇಂತಹ ಯಾವ ಆಸರೆಯೂ ಇಲ್ಲ. ಅದು ಊರೂರಿನ ಗ್ರಂಥಾಲಯಗಳನ್ನು ನಡೆಸುವುದಿಲ್ಲ, ಕರ ವಿಧಿಸುವ ಅಧಿಕಾರವೂ ಅದಕ್ಕಿಲ್ಲ. ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ಶಿಕ್ಷಣಕ್ಕೆ ಮಾನ್ಯತೆ ನೀಡುವುದು, ಮಕ್ಕಳ ಸಾಹಿತ್ಯಕ್ಕೆ ನ್ಯೂಬೆರಿ ಮೊದಲಾದ ಪದಕಗಳನ್ನು ಕೊಡುವುದು, ವಾಷಿಂಗ್ಟನ್‌ನಲ್ಲಿ ಗ್ರಂಥಾಲಯಗಳ ಪರವಾಗಿ ದನಿ ಎತ್ತುವುದು, ಪುಸ್ತಕಗಳನ್ನು ಕಪಾಟಿನಿಂದ ಕಿತ್ತುಹಾಕುವ ಒತ್ತಡ ಬಂದಾಗ ಗ್ರಂಥಪಾಲಕರ ಬೆನ್ನಿಗೆ ನಿಲ್ಲುವುದು ಅದರ ಮುಖ್ಯ ಕೆಲಸಗಳು. ಈ ಕೆಲಸಗಳಿಗೆ ಬೇಕಾದ ಹಣವನ್ನು ಸಂಘ ತಾನೇ ಗಳಿಸಿಕೊಳ್ಳಬೇಕು.

ಆಡಳಿತದ ಸ್ವರೂಪ

ಸದಸ್ಯರ ಮತದಿಂದ ಆಯ್ಕೆಯಾಗುವ ಅಧ್ಯಕ್ಷರ ಅವಧಿ ಕೇವಲ ಒಂದು ವರ್ಷ. ಅದಕ್ಕೆ ಮೊದಲಿನ ವರ್ಷ ಅವರು ನಿಯೋಜಿತ ಅಧ್ಯಕ್ಷರು, ನಂತರದ ವರ್ಷ ನಿಕಟಪೂರ್ವ ಅಧ್ಯಕ್ಷರು. ಪ್ರಜಾಸತ್ತೆಯ ದೃಷ್ಟಿಯಿಂದ ಏರ್ಪಾಡು ಸೊಗಸಾದುದೇ. ಆದರೆ ಆಯವ್ಯಯದ ಒಳಸುಳಿಗಳು ಅರ್ಥವಾಗುವ ಹೊತ್ತಿಗೆ ಅಧ್ಯಕ್ಷರು ಕುರ್ಚಿ ಬಿಟ್ಟಿರುತ್ತಾರೆ. ಖಜಾಂಚಿಗೆ ಮೂರು ವರ್ಷಗಳ ಅವಧಿಯಿದೆ. ಆದ್ದರಿಂದ ಸಂಘದ ನಿಜವಾದ ಚುಕ್ಕಾಣಿ ಸಂಬಳ ಪಡೆಯುವ ಕಾರ್ಯನಿರ್ವಾಹಕ ನಿರ್ದೇಶಕರ ಕೈಯಲ್ಲಿರುತ್ತದೆ ಎಂದರೆ ತಪ್ಪಾಗದು.

ಕಾರ್ಲ್ ಮೈಲಮ್ ಈ ಹೊಣೆಯನ್ನು 1920ರಿಂದ 1948ರವರೆಗೆ, ಅಂದರೆ 28 ವರ್ಷ ನಿರ್ವಹಿಸಿದರು. ಇದಕ್ಕೆ ವಿರುದ್ಧವಾಗಿ 1985ರಿಂದ 1997ರವರೆಗಿನ 12 ವರ್ಷಗಳಲ್ಲಿ ನಾಲ್ವರು ಬಂದುಹೋದರು. ಕೀತ್ ಮೈಕೆಲ್ ಫೀಲ್ಸ್ 2002ರಲ್ಲಿ ಬಂದ ಮೇಲೆ ಮತ್ತೆ 15 ವರ್ಷಗಳ ಸ್ಥಿರತೆ ದೊರೆಯಿತು. 2017ರಲ್ಲಿ ಅವರು ನಿವೃತ್ತರಾದಾಗ ನಡೆದ ಮೊದಲ ಶೋಧ ಫಲ ಕೊಡಲಿಲ್ಲ. ಸಂಘದಲ್ಲೇ ದೀರ್ಘಕಾಲ ದುಡಿದಿದ್ದ ಮೇರಿ ಗೀಕಸ್ ಹೊಣೆ ಹೊತ್ತರು. ಈ ಹುದ್ದೆಗೆ ಗ್ರಂಥಾಲಯ ವಿಜ್ಞಾನದ ಪದವಿ ಕಡ್ಡಾಯವಾಗಬೇಕೇ ಎಂಬ ವಾದ ಆಗ ಎದ್ದಿತು. 2018ರಲ್ಲಿ ಸದಸ್ಯರ ಮತಕ್ಕೂ ಹೋಯಿತು, ಆದರೆ ಕಡ್ಡಾಯವಾಗಲಿಲ್ಲ. ಕುರ್ಚಿಯಲ್ಲಿ ಕೂರಬೇಕಾದವರು ಗ್ರಂಥಪಾಲಕರೋ ಲೆಕ್ಕಪತ್ರ ಬಲ್ಲ ವ್ಯವಸ್ಥಾಪಕರೋ ಎಂಬುದೇ ಆ ವಾದದ ತಿರುಳು. ಬೊಕ್ಕಸ ತುಂಬಿದ್ದ ಕಾಲದಲ್ಲಿ ಈ ಪ್ರಶ್ನೆ ಅಷ್ಟು ಬಿಸಿಯೇರುತ್ತಿರಲಿಲ್ಲ.

ಹಣ ಬರುವ ದಾರಿಗಳು

ಸದಸ್ಯತ್ವ ಶುಲ್ಕವೊಂದರಿಂದಲೇ ಇಷ್ಟು ದೊಡ್ಡ ಸಂಘ ನಡೆಯದು. ಆಂಡ್ರ್ಯೂ ಕಾರ್ನೆಗಿ 1902ರಲ್ಲಿ ಕೊಟ್ಟ ಒಂದು ಲಕ್ಷ ಡಾಲರ್‌ನ ಮೂಲನಿಧಿ ಪ್ರಕಟಣೆಯ ಕೆಲಸಕ್ಕೆ ನೆರವಾಯಿತು. 1905ರಲ್ಲಿ ಆರಂಭವಾದ ‘ಬುಕ್‌ಲಿಸ್ಟ್’ ವಿಮರ್ಶಾ ಪತ್ರಿಕೆ, ವೃತ್ತಿಪರ ಪುಸ್ತಕಗಳ ಮಾರಾಟ, ದತ್ತಿ ಸಂಸ್ಥೆಗಳ ಅನುದಾನ, ಎಲ್ಲಕ್ಕಿಂತ ಮಿಗಿಲಾಗಿ ಸಮಾವೇಶಗಳು ಆದಾಯದ ಮೂಲಗಳು. ಪ್ರತಿನಿಧಿಗಳ ನೋಂದಣಿ ಶುಲ್ಕ ಒಂದೆಡೆ; ಪ್ರಕಾಶಕರು, ತಂತ್ರಾಂಶ ಕಂಪನಿಗಳು ಮಳಿಗೆಗಳಿಗಾಗಿ ತೆರುವ ಬಾಡಿಗೆ ಇನ್ನೊಂದೆಡೆ. ಜೂನ್‌ನ ವಾರ್ಷಿಕ ಸಮಾವೇಶ, ಜನವರಿಯ ಚಳಿಗಾಲದ ಸಭೆ ಇವೆರಡರ ಜನಸಂದಣಿಯೇ ಬಹುಕಾಲ ಸಂಘವನ್ನು ಸಾಕಿತು.

ಗ್ರಂಥಾಲಯಗಳ ಆಯವ್ಯಯ ಕುಗ್ಗಿದಾಗ ಮೊದಲು ಕತ್ತರಿ ಬೀಳುವುದು ನೌಕರರ ಪ್ರಯಾಣ ವೆಚ್ಚಕ್ಕೆ. ಸಮಿತಿ ಸಭೆಗಳು ಅಂತರಜಾಲದಲ್ಲೇ ನಡೆಯತೊಡಗಿದ ಮೇಲಂತೂ ಜನವರಿಯ ಕೊರೆವ ಚಳಿಯಲ್ಲಿ ವಿಮಾನ ಹತ್ತುವ ಅಗತ್ಯ ಅನೇಕರಿಗೆ ಕಾಣಲಿಲ್ಲ. ಸದಸ್ಯರ ಸಂಖ್ಯೆಯೂ ಇಳಿಯಿತು. 2000ದ ದಶಕದ ನಡುವೆ 60 ಸಾವಿರವನ್ನು ಮೀರಿದ್ದ ಸದಸ್ಯಬಲ 2020ರ ದಶಕದಲ್ಲಿ 50 ಸಾವಿರದ ಆಸುಪಾಸಿಗೆ ಬಂದಿತು. ಇದರ ಜೊತೆಗೆ ಒಳಗಿನ ತೊಡಕೊಂದಿತ್ತು. ಕಾಲೇಜು ಗ್ರಂಥಾಲಯಗಳು, ಸಾರ್ವಜನಿಕ ಗ್ರಂಥಾಲಯಗಳು, ಶಾಲಾ ಗ್ರಂಥಾಲಯಗಳು ಹೀಗೆ ಪ್ರತ್ಯೇಕ ವಿಭಾಗಗಳಿದ್ದು, ಅವು ತಮ್ಮದೇ ಶುಲ್ಕ, ತಮ್ಮದೇ ಲೆಕ್ಕ ಇಟ್ಟುಕೊಂಡಿವೆ. ಕೇಂದ್ರ ಕಚೇರಿಯ ವೆಚ್ಚಕ್ಕೆ ಯಾರೆಷ್ಟು ಕೊಡಬೇಕೆಂಬುದು ಕೂಡು ಕುಟುಂಬದ ಜಗಳದಂತೆ ಮರುಕಳಿಸುತ್ತಲೇ ಬಂದಿದೆ. 11 ಇದ್ದ ವಿಭಾಗಗಳು 2020ರಲ್ಲಿ 8ಕ್ಕೆ ಇಳಿದವು. ಮೂರು ವಿಭಾಗಗಳು ಕೂಡಿ ‘ಕೋರ್’ ಎಂಬ ಹೊಸ ವಿಭಾಗವಾಯಿತು.

2020ರ ಆಘಾತ

1909ರಿಂದ ಸಂಘದ ನೆಲೆ ಷಿಕಾಗೊ. ಅಲ್ಲಿನ ಹ್ಯೂರಾನ್ ಬೀದಿಯಲ್ಲಿದ್ದ ಸ್ವಂತ ಕಟ್ಟಡವನ್ನು ಮಾರಿ, 2020ರಲ್ಲಿ ಮಿಷಿಗನ್ ಅವೆನ್ಯೂದ ಬಾಡಿಗೆ ಕಚೇರಿಗೆ ಸಂಘ ಸ್ಥಳಾಂತರಗೊಂಡಿತು. ಅದೇ ವರ್ಷದ ಜನವರಿಯಲ್ಲಿ ಫಿಲಡೆಲ್ಫಿಯಾದಲ್ಲಿ ನಡೆದ ಚಳಿಗಾಲದ ಸಭೆಯಲ್ಲಿ ಆದಾಯದ ಖೋತಾ ಬಿಸಿ ಚರ್ಚೆಗೆ ಒಳಗಾಗಿತ್ತು.

ಫೆಬ್ರವರಿ 24ರಂದು ಟ್ರೇಸಿ ಡಿ. ಹಾಲ್ ಕಾರ್ಯನಿರ್ವಾಹಕ ನಿರ್ದೇಶಕಿಯಾದರು. ಆ ಸ್ಥಾನಕ್ಕೇರಿದ ಮೊದಲ ಆಫ್ರಿಕನ್ ಅಮೆರಿಕನ್ ಮಹಿಳೆ ಅವರು. ಮೂರು ವಾರ ಕಳೆಯುವುದರೊಳಗೆ ಕೊರೊನಾ ದೇಶವನ್ನು ಮುಚ್ಚಿಸಿತು. ಜೂನ್‌ನಲ್ಲಿ ಷಿಕಾಗೊದಲ್ಲಿ ನಡೆಯಬೇಕಿದ್ದ ವಾರ್ಷಿಕ ಸಮಾವೇಶ ರದ್ದಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1945ರಲ್ಲಿ, ರದ್ದಾದುದನ್ನು ಬಿಟ್ಟರೆ ಮತ್ತೆ ಹಾಗಾದುದು ಆಗಲೇ. ಸಮಾವೇಶವನ್ನೇ ನಂಬಿದ್ದ ಸಂಘಕ್ಕೆ ಇದಕ್ಕಿಂತ ದೊಡ್ಡ ಹೊಡೆತ ಬೇರೊಂದಿಲ್ಲ. ನೌಕರರನ್ನು ವೇತನರಹಿತ ರಜೆಯ ಮೇಲೆ ಕಳಿಸಬೇಕಾಯಿತು. ಚಳಿಗಾಲದ ಸಭೆಯ ಬದಲಿಗೆ 2022ರಿಂದ ‘ಲಿಬ್‌ಲರ್ನ್‌ಎಕ್ಸ್’ ಎಂಬ ಕಲಿಕಾ ಸಮಾವೇಶ ಆರಂಭವಾಯಿತು.

ಹಣ ಕರಗುತ್ತಿದ್ದ ಈ ವರ್ಷಗಳಲ್ಲೇ ಸಂಘದ ಅಗತ್ಯ ಬೆಳೆದುದು ವಿಪರ್ಯಾಸ. ಗ್ರಂಥಾಲಯಗಳಿಂದ ತೆಗೆಯಬೇಕೆಂಬ ಒತ್ತಾಯಕ್ಕೆ ಗುರಿಯಾದ ಶೀರ್ಷಿಕೆಗಳು ಸಂಘದ ಎಣಿಕೆಯಂತೆ 2022ರಲ್ಲಿ 2,571, 2023ರಲ್ಲಿ 4,240. ದೂರು ಎದುರಿಸುವ ಗ್ರಂಥಪಾಲಕರಿಗೆ ಸಲಹೆ, ಕಾನೂನಿನ ಮಾಹಿತಿ, ಧೈರ್ಯ ಕೊಡಬೇಕಾದುದು ಇದೇ ಕಚೇರಿ. ಸಂಘದ ನಿಲುವನ್ನು ಒಪ್ಪದವರೂ ಸುಮ್ಮನಿರಲಿಲ್ಲ. ಅಧ್ಯಕ್ಷೆ ಎಮಿಲಿ ಡ್ರಬಿನ್‌ಸ್ಕಿ ತಮ್ಮನ್ನು ಮಾರ್ಕ್ಸ್‌ವಾದಿ ಎಂದು ಕರೆದುಕೊಂಡಿದ್ದ ಟ್ವೀಟನ್ನು ಮುಂದಿಟ್ಟು, ಮೊಂಟಾನ ರಾಜ್ಯದ ಗ್ರಂಥಾಲಯ ಆಯೋಗವು 2023ರ ಜುಲೈನಲ್ಲಿ ಸದಸ್ಯತ್ವ ತೊರೆಯಿತು. ಒಂದು ವರ್ಷದ ಅಧ್ಯಕ್ಷ ಪದವಿಗೂ ಸಂಘದ ಶುಲ್ಕದ ಲೆಕ್ಕಕ್ಕೂ ನಂಟಿದೆ ಎಂಬುದು ಆಗ ಎಲ್ಲರಿಗೂ ತಿಳಿಯಿತು.

ಹಾಲ್ 2023ರ ಅಕ್ಟೋಬರ್‌ನಲ್ಲಿ ಹುದ್ದೆ ತೊರೆದರು. ಮುಂದಿನ ತಿಂಗಳು ಹಂಗಾಮಿಯಾಗಿ ಬಂದವರು 2006-07ರ ಅಧ್ಯಕ್ಷೆ ಲೆಸ್ಲಿ ಬರ್ಗರ್. 2024 ಪೂರ್ತಿ ಹಂಗಾಮಿ ಆಡಳಿತದಲ್ಲೇ ಕಳೆದು, ಅದು 2025ಕ್ಕೂ ಮುಂದುವರಿಯಿತು. ಆ ಜನವರಿಯಲ್ಲಿ ಫೀನಿಕ್ಸ್‌ನಲ್ಲಿ ನಡೆದ ಲಿಬ್‌ಲರ್ನ್‌ಎಕ್ಸ್ ಕೊನೆಯದಾಯಿತು. ಮಾರ್ಚ್ 14ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್, ಗ್ರಂಥಾಲಯಗಳಿಗೆ ಕೇಂದ್ರದ ಅನುದಾನ ಹಂಚುವ ವಸ್ತುಸಂಗ್ರಹಾಲಯ ಮತ್ತು ಗ್ರಂಥಾಲಯ ಸೇವಾ ಸಂಸ್ಥೆಯನ್ನು ಕಾನೂನಿನ ಕನಿಷ್ಠ ಮಿತಿಗೆ ಕುಗ್ಗಿಸುವ ಆದೇಶಕ್ಕೆ ಸಹಿ ಹಾಕಿದರು. ಏಪ್ರಿಲ್‌ನಲ್ಲಿ ಸಂಘವು ಸಾರ್ವಜನಿಕ ನೌಕರರ ಒಕ್ಕೂಟದೊಂದಿಗೆ ಕೂಡಿ ಸರ್ಕಾರದ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿತು.