ಮೌಸ್ ಎಂಬ ಮೊಂಡು ಕುಂಚ



ನಿಮ್ಮ ಶಾಲೆಯ ಇಲ್ಲವೇ ಕಾಲೇಜಿನ ಕಂಪ್ಯೂಟರ್ ಕೊಠಡಿಯಲ್ಲಿ ಚಿತ್ರ ಬರೆಯುವ ತಂತ್ರಾಂಶವೊಂದನ್ನು ತೆರೆಯಿರಿ. ಮೌಸಿನ ಗುಂಡಿಯನ್ನು ಒತ್ತಿ ಹಿಡಿದು ನಿಮ್ಮ ಹೆಸರನ್ನು ಬರೆದು ನೋಡಿ. ಕಾಗದದ ಮೇಲೆ ದುಂಡಗೆ ಬರೆಯುವವರ ಅಕ್ಷರವೂ ಇಲ್ಲಿ ಸೊಟ್ಟಗಾಗುತ್ತದೆ. ಒಂದನೆಯ ತರಗತಿಯ ಮಗು ಸ್ಲೇಟಿನ ಮೇಲೆ ಗೀಚಿದಂತೆ ಕಾಣುತ್ತದೆ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಮೌಸ್ ಹುಟ್ಟಿದ್ದು ಚಿತ್ರ ಬರೆಯುವುದಕ್ಕಾಗಿ ಅಲ್ಲ. ಹಾಗಿದ್ದರೂ ನಾಲ್ಕು ದಶಕಗಳಿಂದ ಜನರು ಅದರಿಂದಲೇ ಚಿತ್ರ ಬರೆಯುತ್ತ ಬಂದಿದ್ದಾರೆ. ಇದು ಹೇಗೆ ಸಾಧ್ಯವಾಯಿತು? ಬನ್ನಿ, ಸ್ವಲ್ಪ ಹಿಂದಿನಿಂದ ನೋಡೋಣ.

ತೋರಿಸುವ ಪೆಟ್ಟಿಗೆ

ಕಂಪ್ಯೂಟರಿನ ಪರದೆಯ ಮೇಲೆ ಗೆರೆ ಎಳೆಯುವ ಕೆಲಸ ಮೌಸಿಗಿಂತ ಮೊದಲೇ ಆರಂಭವಾಗಿತ್ತು. ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಐವಾನ್ ಸದರ್ಲೆಂಡ್ ಎಂಬ ಸಂಶೋಧನಾ ವಿದ್ಯಾರ್ಥಿ 1963ರಲ್ಲಿ 'ಸ್ಕೆಚ್‌ಪ್ಯಾಡ್' ಎಂಬ ಕಾರ್ಯಕ್ರಮವನ್ನು ಸಿದ್ಧಪಡಿಸಿದರು. ಅವರ ಕೈಯಲ್ಲಿದ್ದದ್ದು ಬೆಳಕಿನ ಲೇಖನಿ. ಅದನ್ನು ಪರದೆಗೇ ತಾಗಿಸಿ ಗೆರೆ ಎಳೆಯಬಹುದಾಗಿತ್ತು. ಅಂದರೆ, ಚಿತ್ರ ಬರೆಯಬೇಕೆಂದು ಹೊರಟವರು ಮೊದಲು ಆರಿಸಿಕೊಂಡದ್ದು ಲೇಖನಿಯನ್ನೇ ಎಂಬುದನ್ನು ಗಮನಿಸಿ.

ಅದೇ ಕಾಲದಲ್ಲಿ ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿದ್ದ ಡಗ್ಲಸ್ ಎಂಗೆಲ್‌ಬರ್ಟ್ ಅವರಿಗೆ ಬೇರೊಂದು ಚಿಂತೆಯಿತ್ತು. ಪರದೆಯ ಮೇಲಿನ ಒಂದು ಪದವನ್ನು ಬೇಗನೆ ಬೊಟ್ಟು ಮಾಡಿ ತೋರಿಸುವುದು ಹೇಗೆ? ಅವರ ಕಲ್ಪನೆಯಂತೆ ಬಿಲ್ ಇಂಗ್ಲಿಷ್ ಎಂಬ ಎಂಜಿನಿಯರ್ 1964ರಲ್ಲಿ ಮರದ ಒಂದು ಪುಟ್ಟ ಪೆಟ್ಟಿಗೆಯನ್ನು ಮಾಡಿಕೊಟ್ಟರು. ಅದರ ತಳದಲ್ಲಿ ಎರಡು ಗಾಲಿಗಳಿದ್ದವು. ಒಂದು ಎಡಬಲದ ಚಲನೆಯನ್ನು, ಇನ್ನೊಂದು ಹಿಂದುಮುಂದಿನ ಚಲನೆಯನ್ನು ಅಳೆಯುತ್ತಿತ್ತು. ಬಾಲದಂತೆ ಹೊರಟ ತಂತಿಯಿಂದಾಗಿ ಅದಕ್ಕೆ 'ಇಲಿ' ಎಂಬ ಹೆಸರು ಅಂಟಿಕೊಂಡಿತು. 1968ರ ಡಿಸೆಂಬರ್ 9ರಂದು ಎಂಗೆಲ್‌ಬರ್ಟ್ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಅದನ್ನು ಸಾವಿರದಷ್ಟು ಪರಿಣತರ ಮುಂದೆ ಪ್ರದರ್ಶಿಸಿದರು. ಅಂದು ಮುಖ್ಯವಾಗಿ ನಡೆದದ್ದು ಬರಹವನ್ನು ತಿದ್ದುವ, ಜೋಡಿಸುವ ಕೆಲಸ.

ಲೇಖನಿಗೂ ಮೌಸಿಗೂ ಇರುವ ಅಂತರವನ್ನು ಇಲ್ಲಿ ತಿಳಿದುಕೊಳ್ಳಬೇಕು. ಲೇಖನಿಯನ್ನು ಬೆರಳುಗಳು ಆಡಿಸುತ್ತವೆ. ಮೌಸನ್ನು ಮಣಿಕಟ್ಟು ಮತ್ತು ತೋಳು ತಳ್ಳುತ್ತವೆ. ಲೇಖನಿ ಇರುವಲ್ಲೇ ಗೆರೆ ಮೂಡುತ್ತದೆ. ಮೌಸ್ ಹಿಡಿದಾಗ ಕೈ ಮೇಜಿನ ಮೇಲೆ, ಕಣ್ಣು ಪರದೆಯ ಮೇಲೆ. ಲೇಖನಿಯನ್ನು ಒತ್ತಿದರೆ ಗೆರೆ ದಪ್ಪವಾಗುತ್ತದೆ, ಹಗುರ ಮಾಡಿದರೆ ತೆಳುವಾಗುತ್ತದೆ. ಮೌಸಿನ ಗುಂಡಿಗೆ ಒತ್ತಿದ್ದು, ಬಿಟ್ಟದ್ದು ಎರಡೇ ಗೊತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಮೌಸ್ ತಾನು ಎಲ್ಲಿದ್ದೇನೆಂದು ಹೇಳುವುದಿಲ್ಲ, ಎಷ್ಟು ಸರಿದೆನೆಂದು ಮಾತ್ರ ಹೇಳುತ್ತದೆ. ಎತ್ತಿ ಬೇರೆಡೆ ಇಟ್ಟರೂ ಪರದೆಯ ಮೇಲಿನ ಬಾಣ ಅಲುಗುವುದಿಲ್ಲ.

ಇದು ತಜ್ಞರಿಗೂ ತಿಳಿದಿತ್ತು. ಜೆರಾಕ್ಸ್ ಕಂಪನಿಯ ಪಾಲೋ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ 1973ರಲ್ಲಿ ಮೌಸ್ ಇದ್ದ 'ಆಲ್ಟೊ' ಎಂಬ ಕಂಪ್ಯೂಟರ್ ಸಿದ್ಧವಾಯಿತು. ಅದೇ ಕೇಂದ್ರದಲ್ಲಿ ಅದೇ ವರ್ಷ ರಿಚರ್ಡ್ ಶೂಪ್ ಅವರು ಬಣ್ಣದ ಚಿತ್ರಗಳಿಗಾಗಿ 'ಸೂಪರ್‌ಪೇಂಟ್' ರೂಪಿಸಿದಾಗ ಬಳಸಿದ್ದು ಮೌಸನ್ನಲ್ಲ, ಹಲಗೆ ಮತ್ತು ಲೇಖನಿಯನ್ನು. ಆದರೆ ಅಂಥ ಉಪಕರಣಗಳು ದುಬಾರಿ. ಮೌಸ್ ಮಾತ್ರ ಅಗ್ಗವಾಗುತ್ತ ಬಂತು. ಆಪಲ್ ಕಂಪನಿಗಾಗಿ 1980ರ ಸುಮಾರಿಗೆ ಅಗ್ಗದ ಮೌಸ್ ರೂಪಿಸಿದ ಡೀನ್ ಹೋವಿ ಅವರು, ಸುಗಂಧದ್ರವ್ಯ ಹಚ್ಚಿಕೊಳ್ಳುವ ಸೀಸೆಯ ಉರುಳು ಚೆಂಡನ್ನೂ ಬೆಣ್ಣೆಯ ಬಟ್ಟಲನ್ನೂ ಸೇರಿಸಿ ಮೊದಲ ಮಾದರಿ ಮಾಡಿದ್ದಾಗಿ ಹೇಳಿಕೊಂಡಿದ್ದಾರೆ. ಮೌಸ್ ಕುಂಚವಾದದ್ದು ಅದು ಒಳ್ಳೆಯ ಕುಂಚವೆಂದಲ್ಲ, ಎಲ್ಲರ ಕೈಗೆ ಎಟುಕಿತೆಂದು.

ಕೈಯ ಕೊರತೆಗೆ ತಂತ್ರಾಂಶದ ಆಸರೆ

1984ರ ಜನವರಿಯಲ್ಲಿ ಆಪಲ್‌ನ ಮ್ಯಾಕಿಂಟೋಷ್ ಹೊರಬಂತು. ಅದರ ಪರದೆಯಲ್ಲಿ ಅಡ್ಡಲಾಗಿ 512, ಉದ್ದಕ್ಕೆ 342 ಚುಕ್ಕಿಗಳು. ಗುಣಿಸಿ ನೋಡಿ: ಒಟ್ಟು 1,75,104. ಪ್ರತಿ ಚುಕ್ಕಿಯೂ ಕಪ್ಪು ಇಲ್ಲವೇ ಬಿಳುಪು, ನಡುವಣ ಬಣ್ಣವಿಲ್ಲ. ಅದರೊಂದಿಗೆ ಬಂದ 'ಮ್ಯಾಕ್‌ಪೇಂಟ್' ತಂತ್ರಾಂಶವನ್ನು ಬರೆದವರು ಬಿಲ್ ಅಟ್ಕಿನ್ಸನ್ (1951–2025).

ಅಟ್ಕಿನ್ಸನ್ ಮಾಡಿದ್ದೇನು? ಮೌಸ್ ಹಿಡಿದ ಕೈ ಎಲ್ಲೆಲ್ಲಿ ಸೋಲುತ್ತದೆಯೋ ಅಲ್ಲೆಲ್ಲ ತಂತ್ರಾಂಶವನ್ನು ನೆರವಿಗೆ ನಿಲ್ಲಿಸಿದರು. ಗೆರೆ ನಡುಗುತ್ತದೆಯೇ? ನೆಟ್ಟಗಿನ ಗೆರೆಗೆ, ಚೌಕಕ್ಕೆ, ವೃತ್ತಕ್ಕೆ ಬೇರೆ ಬೇರೆ ಉಪಕರಣಗಳು. ಬಣ್ಣ ತುಂಬುವುದು ಬೇಸರವೇ? ಸುತ್ತ ಮುಚ್ಚಿದ ಆಕಾರದೊಳಗೆ ಒಮ್ಮೆ ಒತ್ತಿದರೆ ಸಾಕು, ಚುಕ್ಕಿಗಳ ವಿನ್ಯಾಸ ತಾನಾಗಿ ತುಂಬಿಕೊಳ್ಳುತ್ತದೆ. ತಪ್ಪಾಯಿತೇ? ಕೊನೆಯ ಒಂದು ಹೆಜ್ಜೆಯನ್ನು ಹಿಂತೆಗೆದುಕೊಳ್ಳಬಹುದು. ಸೂಕ್ಷ್ಮ ಕೆಲಸವಿದೆಯೇ? ಚಿತ್ರದ ಒಂದು ಭಾಗವನ್ನು ಹಿಗ್ಗಿಸಿಕೊಂಡು ಒಂದೊಂದೇ ಚುಕ್ಕಿಯನ್ನು ತಿದ್ದಬಹುದು. ಇದರಿಂದ ಕಲಾವಿದನ ಕೆಲಸವೇ ಬದಲಾಯಿತು. ಒಂದೇ ಬೀಸಿಗೆ ಗೆರೆ ಎಳೆಯುವ ಕೈಚಳಕಕ್ಕಿಂತ, ಯಾವ ಚುಕ್ಕಿ ಇರಬೇಕು, ಯಾವುದು ಬೇಡ ಎಂದು ಆರಿಸುವ ವಿವೇಕ ಮುಖ್ಯವಾಯಿತು.

ಇದೇ ಕಂಪ್ಯೂಟರಿಗೆ ಪುಟ್ಟ ಚಿಹ್ನೆಗಳನ್ನು ರಚಿಸಿದ ಸೂಸನ್ ಕೇರ್ ಅವರು ಆರಂಭದಲ್ಲಿ ಚೌಕುಳಿ ಕಾಗದದ ಪುಸ್ತಕದಲ್ಲೇ ಕೆಲಸ ಮಾಡಿದರು. ಒಂದು ಚಿಹ್ನೆಗೆ 32 ಸಾಲು, ಸಾಲಿಗೆ 32 ಮನೆ. ಹರಳು ಜೋಡಿಸಿ ಮಾಡುವ ಚಿತ್ರಗಳಿಗೂ ಸೂಜಿಯ ಕಸೂತಿಗೂ ಈ ಚುಕ್ಕಿಚಿತ್ರಗಳನ್ನು ಅವರು ಹೋಲಿಸಿದ್ದಾರೆ. ಧಾರವಾಡದ ಕಡೆಯ ಕಸೂತಿಯನ್ನು ಕಂಡವರಿಗೆ ಈ ಮಾತು ಚೆನ್ನಾಗಿ ಅರ್ಥವಾದೀತು. ಅಲ್ಲಿಯೂ ಬಟ್ಟೆಯ ಮೇಲೆ ಮೊದಲು ಗೆರೆ ಬರೆದುಕೊಳ್ಳುವುದಿಲ್ಲ. ಎಳೆಗಳನ್ನು ಎಣಿಸಿಯೇ ಗೋಪುರ, ತೇರು ಮೂಡಿಸುತ್ತಾರೆ.

ಫ್ಲಾಪಿಯೊಳಗೆ ಉಳಿದ ಚಿತ್ರಗಳು

1985ರ ಜುಲೈ 23ರಂದು ನ್ಯೂಯಾರ್ಕಿನ ಲಿಂಕನ್ ಸೆಂಟರಿನಲ್ಲಿ ಕಮೋಡೋರ್ ಕಂಪನಿಯ 'ಅಮಿಗಾ' ಎಂಬ ಬಣ್ಣದ ಕಂಪ್ಯೂಟರ್ ಬಿಡುಗಡೆಯಾಯಿತು. ವೇದಿಕೆಯ ಮೇಲೆ ಹೆಸರಾಂತ ಚಿತ್ರಕಾರ ಆಂಡಿ ವಾರ್ಹಾಲ್ ಕುಳಿತಿದ್ದರು. ಕ್ಯಾಮೆರಾದಿಂದ ಪರದೆಗೆ ತಂದ ಗಾಯಕಿ ಡೆಬ್ಬಿ ಹ್ಯಾರಿ ಅವರ ಮುಖಕ್ಕೆ ಅವರು ಮೌಸ್ ಹಿಡಿದು ಬಣ್ಣ ತುಂಬಿದರು. ಬಳಿಕ ಅಮಿಗಾದಲ್ಲಿ ಇನ್ನೂ ಕೆಲವು ಚಿತ್ರಗಳನ್ನು ಮಾಡಿ ಫ್ಲಾಪಿಗಳಲ್ಲಿ ಇಟ್ಟರು. 1987ರಲ್ಲಿ ತೀರಿಕೊಂಡರು.

ಆ ಫ್ಲಾಪಿಗಳು ಪಿಟ್ಸ್‌ಬರ್ಗ್ ನಗರದ ವಾರ್ಹಾಲ್ ವಸ್ತುಸಂಗ್ರಹಾಲಯವನ್ನು ಸೇರಿದವು. ಆದರೆ ಅವುಗಳಲ್ಲಿದ್ದ ಚಿತ್ರಗಳನ್ನು ತೆರೆದು ನೋಡುವ ಬಗೆ ಯಾರಿಗೂ ತಿಳಿಯದಾಯಿತು. ತಂತ್ರಾಂಶ ಹಳೆಯದು, ಕಡತಗಳ ರಚನೆ ಅಪರಿಚಿತ. ಕೊನೆಗೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಸಂಘದವರು ಫ್ಲಾಪಿಯ ಕಾಂತೀಯ ಗುರುತುಗಳನ್ನು ಜಾಗರೂಕತೆಯಿಂದ ನಕಲು ಮಾಡಿ, ಕಡತಗಳ ಗುಟ್ಟನ್ನು ಬಿಡಿಸಿದರು. 2014ರಲ್ಲಿ ಆ ಚಿತ್ರಗಳು ಬೆಳಕಿಗೆ ಬಂದವು. ಅವುಗಳಲ್ಲೊಂದು ಸಾರಿನ ಡಬ್ಬಿ. ಅದನ್ನೇ ಚಿತ್ರಿಸಿ ಲೋಕಪ್ರಸಿದ್ಧನಾದ ಕಲಾವಿದನ ಗೆರೆ ಇಲ್ಲಿ ನಮ್ಮ ನಿಮ್ಮ ಗೆರೆಯಂತೆಯೇ ಅಂಕುಡೊಂಕು. ಇನ್ನೊಂದು ಚಿತ್ರದಲ್ಲಿ ವೀನಸ್ ದೇವತೆಗೆ ಮೂರು ಕಣ್ಣು! ಒಂದು ಕಣ್ಣನ್ನು ನಕಲು ಮಾಡಿ ಹಣೆಯ ಮೇಲೆ ಅಂಟಿಸಿದ್ದಾರೆ. ಹೊಸ ಉಪಕರಣ ಏನು ಮಾಡಬಲ್ಲದೆಂದು ಆಡಿ ನೋಡುವ ಕುತೂಹಲ ಅದು.

ಮನೆಮನೆಯ ಪೇಂಟ್

ಮೈಕ್ರೋಸಾಫ್ಟ್ ಕಂಪನಿ 1985ರ ಮೊದಲ ವಿಂಡೋಸ್‌ನಿಂದಲೇ ಚಿತ್ರ ಬರೆಯುವ ತಂತ್ರಾಂಶವನ್ನು ಜೊತೆಗೆ ಕೊಡುತ್ತ ಬಂತು. ಲಕ್ಷಾಂತರ ಮಕ್ಕಳು ಮೌಸ್ ಹಿಡಿಯಲು ಕಲಿತದ್ದು ಈ 'ಪೇಂಟ್'ನಲ್ಲೇ. 2017ರಲ್ಲಿ ಇದನ್ನು ಕೈಬಿಡುವ ಸೂಚನೆ ಬಂದಾಗ ಜನರು ಎಷ್ಟು ಬೇಸರಪಟ್ಟರೆಂದರೆ ಕಂಪನಿ ಅದನ್ನು ಉಳಿಸಿಕೊಳ್ಳಬೇಕಾಯಿತು.

ಪೇಂಟ್‌ನ ಕಲಾವಿದರಲ್ಲಿ ಅಮೆರಿಕದ ಹ್ಯಾಲ್ ಲಾಸ್ಕೊ (1915–2014) ಅವರನ್ನು ನೆನೆಯಲೇಬೇಕು. ಅಕ್ಷರ ವಿನ್ಯಾಸ ಅವರ ವೃತ್ತಿ. ಮುಪ್ಪಿನಲ್ಲಿ ಅಕ್ಷಿಪಟಲದ ನಡುಭಾಗ ಕೆಡುವ ರೋಗದಿಂದ ಅವರ ದೃಷ್ಟಿ ಮಂಕಾಯಿತು. ಕಾಗದದ ಮೇಲೆ ಕುಂಚ ಆಡಿಸುವುದು ಕಷ್ಟವಾಯಿತು. ಆಗ ಮನೆಯವರು ಕೊಡಿಸಿದ ಕಂಪ್ಯೂಟರಿನಲ್ಲಿ ಅವರಿಗೆ ಪೇಂಟ್ ದೊರೆಯಿತು. ಚಿತ್ರವನ್ನು ದೊಡ್ಡದಾಗಿ ಹಿಗ್ಗಿಸಿಕೊಂಡು, ಮೌಸಿನಿಂದ ಚುಕ್ಕಿಯ ಪಕ್ಕ ಚುಕ್ಕಿಯಿಟ್ಟು, ಅವರು ಮತ್ತೆ ಚಿತ್ರ ಬರೆದರು. ತೊಂಬತ್ತು ದಾಟಿದ ಮೇಲೂ ಬರೆದರು. ಕೈಯ ಕೊರತೆಗೆಂದು ಮಾಡಿದ ಸೌಕರ್ಯ ಕಣ್ಣಿನ ಕೊರತೆಗೂ ಒದಗಿತು.

ಇಂದು ನಿಮ್ಮಲ್ಲಿ ಹಲವರು ಮೌಸಿನ ಬದಲು ಲ್ಯಾಪ್‌ಟಾಪಿನ ಟ್ರ್ಯಾಕ್‌ಪ್ಯಾಡ್ ಬಳಸುತ್ತಿರಬಹುದು. ಬೆರಳು ತಾಗಿದಾಗ ಆಗುವ ವಿದ್ಯುತ್ ಬದಲಾವಣೆಯಿಂದ ಚಲನೆಯನ್ನು ಅರಿಯುವ ಈ ಬಗೆಯ ಪಟ್ಟಿಯನ್ನು ಜಾರ್ಜ್ ಗೆರ್‌ಫೈಡ್ 1988ರಲ್ಲಿ ರೂಪಿಸಿದರು. 1994ರಲ್ಲಿ ಆಪಲ್‌ನ ಪವರ್‌ಬುಕ್‌ನಲ್ಲಿ ಅದು ಬಂತು. ಬಾಣವನ್ನು ನಡೆಸುವಾಗ ಅದೂ ಸರಿದ ದೂರವನ್ನೇ ತಿಳಿಸುತ್ತದೆ. ಆದ್ದರಿಂದ ಮೌಸಿನ ಪಾಠವೆಲ್ಲ ಅದಕ್ಕೂ ಸಲ್ಲುತ್ತದೆ.

ಒಳ್ಳೆಯ ಉಪಕರಣ ಕೈಗೆ ಬಂದ ಮೇಲೆ ಚಿತ್ರ ಬರೆದೇನು ಎಂದು ಕಾಯುತ್ತ ಕೂರಬೇಡಿ. ನಿಮ್ಮ ಗಣಿತದ ಚೌಕುಳಿ ಪುಸ್ತಕದಲ್ಲಿ 32 ಮನೆ ಅಗಲ, 32 ಮನೆ ಉದ್ದದ ಚೌಕ ಗುರುತಿಸಿ. ಒಂದು ಹಕ್ಕಿಯನ್ನೋ ಹಣತೆಯನ್ನೋ ಮನೆಗಳನ್ನು ತುಂಬಿ ಬರೆಯಿರಿ. ಅನಂತರ ಅದನ್ನೇ ಪರದೆಯ ಮೇಲೆ ಮೌಸಿನಿಂದ ಮೂಡಿಸಿ. ತಾರೀಖು ಹಾಕಿ, ಎರಡು ಕಡೆ ನಕಲು ಇಡಿ. ಕಂಪ್ಯೂಟರ್ ಬದಲಾಯಿಸಿದಾಗಲೆಲ್ಲ ಚಿತ್ರ ತೆರೆಯುತ್ತದೆಯೇ ಎಂದು ನೋಡಿ. ವಾರ್ಹಾಲರ ಚಿತ್ರಗಳನ್ನು ಹುಡುಕಲು ಒಂದು ವಿಶ್ವವಿದ್ಯಾಲಯದ ಸಂಘವೇ ಇತ್ತು. ನಮ್ಮ ಚಿತ್ರಗಳನ್ನು ನಾವೇ ಕಾಪಾಡಿಕೊಳ್ಳಬೇಕು.